ರೋಲರ್ ಕೋಸ್ಟರ್ ಇಳಿದ ಮೇಲೆ ಕಣ್ಣು ಕತ್ತಲೆ ಕಟ್ಟಿದರೆ

ರೋಲರ್ ಕೋಸ್ಟರ್‌ನಿಂದ ಇಳಿದು ಬರುವವರನ್ನು ಸ್ವಲ್ಪ ಹೊತ್ತು ನಿಂತು ನೋಡಿದರೆ ಸಾಕು, ಮೂರು ಬಗೆಯವರು ಕಾಣಿಸುತ್ತಾರೆ. ಒಬ್ಬರು ಮುಖ ಬಿಳಿಚಿಕೊಂಡು, ಹಣೆಯ ಮೇಲೆ ತಣ್ಣನೆಯ ಬೆವರಿನೊಂದಿಗೆ ಕಂಬಿ ಹಿಡಿದು ನಿಂತಿರುತ್ತಾರೆ. ಇನ್ನೊಬ್ಬರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕಸದ ತೊಟ್ಟಿ ಎಲ್ಲಿದೆ ಎಂದು ಹುಡುಕುತ್ತಿರುತ್ತಾರೆ. ಮೂರನೆಯವರ ಮುಖದಲ್ಲಿ ಏನೂ ಕಾಣದು, ಆದರೆ ನಡೆಯುವಾಗ ಹೆಜ್ಜೆ ತನ್ನಷ್ಟಕ್ಕೆ ಒಂದು ಕಡೆಗೆ ವಾಲುತ್ತದೆ. ಸುತ್ತಲಿನವರು ಮೂವರಿಗೂ ಮಾಡುವ ಉಪಚಾರ ಮಾತ್ರ ಒಂದೇ: ಕುರ್ಚಿಯಲ್ಲಿ ಕೂರಿಸಿ, ಮುಖಕ್ಕೆ ನೀರು ಚಿಮುಕಿಸಿ, ಕೈಗೊಂದು ತಂಪು ಪಾನೀಯದ ಬಾಟಲಿ ಕೊಡುವುದು. ಮೂವರಲ್ಲಿ ಒಬ್ಬರಿಗೂ ಅದು ಸರಿಯಾದ ಉಪಚಾರವಲ್ಲ.

ಮೊದಲನೆಯವರದು ರಕ್ತದೊತ್ತಡದ ತೊಂದರೆ. ಎರಡನೆಯವರದು ಕಣ್ಣಿಗೂ ಕಿವಿಗೂ ಹೊಂದಿಕೆ ತಪ್ಪಿದ್ದರಿಂದ ಬಂದದ್ದು. ಮೂರನೆಯವರದು ಒಳಗಿವಿಯ ಇನ್ನೊಂದು ಸಂಗತಿ. ಬಹುಪಾಲು ಸಲ ಇವು ಅಪಾಯದವಲ್ಲ, ತಡೆಯಲೂ ಬರುತ್ತವೆ. ಸವಾರಿಯನ್ನು ದೂರುವ ಮೊದಲು ಹಿಂದಿನ ರಾತ್ರಿಯ ನಿದ್ದೆ, ಬೆಳಗಿನ ತಿಂಡಿ, ಬಿಸಿಲಿನ ಸಾಲು ಇವುಗಳನ್ನು ವಿಚಾರಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೆಲವೇ ಕೆಲವು ಲಕ್ಷಣಗಳು ಮಾತ್ರ ಕಾದು ನೋಡಲು ಬಿಡುವಂಥವಲ್ಲ. ಅವು ಈ ಲೇಖನದ ಕೊನೆಯ ಕಡೆಗೆ "ಕಾಯಬಾರದ ಲಕ್ಷಣಗಳು" ಎಂಬ ಭಾಗದಲ್ಲಿವೆ. ಈಗಲೇ ಪಾರ್ಕಿನಲ್ಲಿ ನಿಂತು ಓದುತ್ತಿದ್ದರೆ ನೇರವಾಗಿ ಅಲ್ಲಿಗೇ ಹೋಗಿ.

ಮೊದಲು ಏನಾಗುತ್ತಿದೆ ಎಂದು ಕೇಳಿ

"ಏನಾಯಿತು?" ಎಂದರೆ "ಒಂಥರಾ ಆಗುತ್ತಿದೆ" ಎಂಬ ಉತ್ತರ ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಬಿಡಿಸಿ ಕೇಳಿ: ಕಣ್ಣು ಕತ್ತಲೆ ಕಟ್ಟುತ್ತಿದೆಯೇ? ಹೊಟ್ಟೆ ತೊಳಸುತ್ತಿದೆಯೇ? ಸುತ್ತಲಿನ ಕಟ್ಟಡ, ನೆಲ ತಿರುಗುತ್ತಿರುವಂತೆ ಕಾಣುತ್ತಿದೆಯೇ?

ಕಣ್ಣು ಕತ್ತಲೆ ಕಟ್ಟುವುದು, ಕಿವಿ ಗುಂಯ್‌ಗುಡುವುದು, ಮಾತು ದೂರದಿಂದ ಕೇಳಿಸಿದಂತಾಗುವುದು, ಕಾಲಿನ ಬಲ ಉಡುಗುವುದು ಇವೆಲ್ಲ ಮಿದುಳಿಗೆ ಹೋಗುವ ರಕ್ತ ಕ್ಷಣಕಾಲ ಕಡಿಮೆಯಾದುದರ ಲಕ್ಷಣ. ಕೋಸ್ಟರ್ ಇಳಿಜಾರಿನ ತಳಕ್ಕೆ ಬಂದು ಮೇಲಕ್ಕೆ ತಿರುಗುವಾಗ ದೇಹದ ಮೇಲೆ ಗುರುತ್ವದ ಮೂರು, ನಾಲ್ಕು ಪಟ್ಟು ಬಲ ಬೀಳುತ್ತದೆ. 4 ಜಿ ಎಂದರೆ 60 ಕಿಲೋ ತೂಕದವರು ಆ ಗಳಿಗೆಯಲ್ಲಿ 240 ಕಿಲೋ ತೂಗುತ್ತಾರೆ ಎಂದರ್ಥ. ರಕ್ತವೂ ಅಷ್ಟೇ ಪಾಲು ಭಾರವಾಗಿ ಕಾಲು, ಹೊಟ್ಟೆಗಳ ಕಡೆಗೆ ಇಳಿಯುತ್ತದೆ. ಈ ಬಲ ಕೆಲವು ಸೆಕೆಂಡು ಹಾಗೆಯೇ ನಿಂತರೆ ಮೊದಲು ಬಣ್ಣ ಮಾಸುತ್ತದೆ, ಆಮೇಲೆ ನೋಟದ ಅಂಚುಗಳು ಕಪ್ಪಾಗುತ್ತವೆ. ವಿನ್ಯಾಸಕಾರರು ಇದನ್ನು ಬಲ್ಲರು, ಆದ್ದರಿಂದಲೇ ಆ ಬಲವನ್ನು ಒಂದೆರಡು ಸೆಕೆಂಡಿಗೆ ಮೊಟಕುಗೊಳಿಸುತ್ತಾರೆ. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ ತೆರೆದ ಫ್ಲಿಪ್ ಫ್ಲಾಪ್ ಎಂಬ ಕೋಸ್ಟರ್‌ನ ಸುರುಳಿ ಪೂರ್ತಿ ದುಂಡಗಿತ್ತು. ಸುರುಳಿಯೊಳಗೆ ನುಗ್ಗುವಾಗಲೇ ಬಲ ಒಮ್ಮೆಗೇ ಏರಿ ಸವಾರರ ಕತ್ತು ಉಳುಕುತ್ತಿತ್ತು. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕಿನ ರೆವಲ್ಯೂಷನ್‌ಗೆ ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗೆಲ್ ತಳದಲ್ಲಿ ಅಗಲ, ತುದಿಯಲ್ಲಿ ಬಿಗಿಯಾದ ಹನಿಯಾಕಾರದ ಸುರುಳಿ ಕೊಟ್ಟರು. ಇಂದು ತಲೆಕೆಳಗಾಗಿಸುವ ಸುರುಳಿಗಳು ಹೆಚ್ಚುಕಡಿಮೆ ಆ ಆಕಾರದಲ್ಲೇ ಇರುತ್ತವೆ.

ಹೊಟ್ಟೆ ತೊಳಸುವುದರ ಕಾರಣ ಬೇರೆ. ಒಳಗಿವಿಯಲ್ಲಿ ಮೂರು ಅರೆವೃತ್ತದ ನಾಳಗಳಿವೆ, ಅವುಗಳಲ್ಲಿ ದ್ರವವಿದೆ. ತಲೆ ತಿರುಗಿದಾಗ ದ್ರವ ಅಲುಗಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಕಡೆಗೋಲು ನಿಲ್ಲಿಸಿದ ಮೇಲೂ ಗಡಿಗೆಯೊಳಗಿನ ಮಜ್ಜಿಗೆ ಸುತ್ತುತ್ತಲೇ ಇರುವಂತೆ ಗಾಡಿ ನಿಂತ ಮೇಲೂ ಆ ದ್ರವ ಒಂದಷ್ಟು ಹೊತ್ತು ಹರಿಯುತ್ತದೆ. "ನಿಂತಿದ್ದೇವೆ" ಎಂದು ಕಣ್ಣು, "ಸುತ್ತುತ್ತಿದ್ದೇವೆ" ಎಂದು ಕಿವಿ ಹೇಳಿದಾಗ ಹೊಟ್ಟೆಗೆ ಸಂಕಟ. ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವವರಿಗೂ, ಅರೆತಲೆನೋವು ಇರುವವರಿಗೂ ಇದು ಬೇಗ ಬರುತ್ತದೆ. ಶಾಲೆಯ ವಯಸ್ಸಿನ ಮಕ್ಕಳಿಗೂ ಹೆಚ್ಚು. ಚಿಕ್ಕಂದಿನಲ್ಲಿ ಜಾತ್ರೆಯ ತಿರುಗು ತೊಟ್ಟಿಲು ಎಷ್ಟು ಸುತ್ತು ಹಾಕಿದರೂ ಏನೂ ಆಗದಿದ್ದವರು ನಲವತ್ತರ ನಂತರ ಒಂದೇ ಸವಾರಿಗೆ ಸೋತು ಕೂರುವುದೂ ಉಂಟು.

ಗಟ್ಟಿ ಬಿಗಿದುಕೊಂಡಿದ್ದ ಕೈಕಾಲು ಕೆಳಗಿಳಿದ ಮೇಲೆ ನಡುಗುವುದು, ಎದೆ ಡವಗುಟ್ಟುವುದು ಹೆದರಿಕೆಯ ಅಡ್ರಿನಲಿನ್ ಕೆಲಸ. ಜರ್ಮನಿಯ ವೈದ್ಯರು 55 ಆರೋಗ್ಯವಂತರಿಗೆ ಇಸಿಜಿ ಯಂತ್ರ ಕಟ್ಟಿ ಎಕ್ಸ್‌ಪೆಡಿಷನ್ ಜಿಫೋರ್ಸ್ ಎಂಬ ಕೋಸ್ಟರ್ ಹತ್ತಿಸಿ ನೋಡಿದ್ದಾರೆ. ನಾಡಿಬಡಿತ ಸರಾಸರಿ 90ರ ಆಸುಪಾಸಿನಿಂದ 150ರ ಆಚೆಗೆ ಏರಿತು, ಅದೂ ಗಾಡಿ ಮೆಲ್ಲಗೆ ಮೇಲಕ್ಕೆ ತೆವಳುತ್ತಿದ್ದಾಗಲೇ ಹೆಚ್ಚಾಗಿ ಏರಿತು. ಬೀಳುವುದಕ್ಕಿಂತ ಬೀಳುತ್ತೇವೆ ಎಂದು ಕಾಯುವುದೇ ಹೃದಯಕ್ಕೆ ಕಷ್ಟ. ಈ ನಡುಕ ಹತ್ತು ಹದಿನೈದು ನಿಮಿಷದಲ್ಲಿ ತಾನಾಗಿಯೇ ಇಳಿಯುತ್ತದೆ, ಏನೂ ಮಾಡಬೇಕಿಲ್ಲ.

ಹಿಂದಿನ ರಾತ್ರಿ ಮತ್ತು ಬೆಳಗ್ಗೆ

ಡಿಸೆಂಬರ್, ಜನವರಿಯ ಪ್ರವಾಸದ ಬಸ್ಸುಗಳನ್ನು ನೆನೆಸಿಕೊಳ್ಳಿ. ಹಾವೇರಿಯಿಂದಲೋ ಶಿವಮೊಗ್ಗದಿಂದಲೋ ರಾತ್ರಿ ಊಟ ಮಾಡಿ ಹೊರಟ ಕಾಲೇಜಿನ ಮಕ್ಕಳು ರಾತ್ರಿಯಿಡೀ ಹಾಡಿ ಕುಣಿದು, ಬೆಳಗಿನ ಜಾವ ಕತ್ತು ವಾಲಿಸಿ ಒಂದು ಗಂಟೆ ತೂಕಡಿಸಿ, ಯಾವುದೋ ಕಲ್ಯಾಣ ಮಂಟಪದಲ್ಲಿ ತಣ್ಣೀರಿನ ಸ್ನಾನ ಮುಗಿಸುತ್ತಾರೆ. ಉಪ್ಪಿಟ್ಟನ್ನು "ಬೇಡ ಮೇಡಂ" ಎಂದು ಪಕ್ಕಕ್ಕೆ ಸರಿಸುತ್ತಾರೆ. ದಾರಿಯಲ್ಲಿ ಮೂತ್ರಕ್ಕೆ ಬಸ್ಸು ನಿಲ್ಲಿಸುವುದಿಲ್ಲ ಎಂಬ ಭಯಕ್ಕೆ ಹುಡುಗಿಯರು ನೀರನ್ನೂ ಕುಡಿದಿರುವುದಿಲ್ಲ. ಬಸ್ಸಿನಲ್ಲಿ ವಾಂತಿಯಾಗದಿರಲೆಂದು ಒಂದು ಮಾತ್ರೆ ಬೇರೆ ನುಂಗಿರುತ್ತಾರೆ. ಹೀಗೆ ಬಿಡದಿಯ ವಂಡರ್‌ಲಾಗೆ ಬಂದಿಳಿದವರು ಗೇಟು ತೆರೆದ ಕೂಡಲೇ ಓಡುವುದು ಎಲ್ಲಕ್ಕಿಂತ ಎತ್ತರದ ಸವಾರಿಯ ಕಡೆಗೆ. ಕೋಸ್ಟರ್ ಹತ್ತುವ ಮೊದಲೇ ಅರ್ಧ ಮೂರ್ಛೆಗೆ ಸಿದ್ಧರಾಗಿರುತ್ತಾರೆ.

ಆ ಮಾತ್ರೆಯ ವಿಷಯ ಬಿಡಿಸಿ ಹೇಳಬೇಕು. ಘಾಟಿಯ ಬಸ್ಸಿಗೆಂದು ನಮ್ಮಲ್ಲಿ ಹೆಚ್ಚಾಗಿ ನುಂಗುವ ಅವೊಮಿನ್‌ನಲ್ಲಿ ಇರುವುದು ಪ್ರೊಮೆಥಜಿನ್. ವಾಕರಿಕೆ ತಡೆಯಲು ಒಳ್ಳೆಯ ಔಷಧವೇ, ಆದರೆ ನಿದ್ದೆ ಬರಿಸುತ್ತದೆ, ಎದ್ದು ನಿಂತಾಗ ರಕ್ತದೊತ್ತಡ ಇಳಿಯುವಂತೆಯೂ ಮಾಡಬಲ್ಲದು. ಹೊಟ್ಟೆ ತೊಳಸುವವರಿಗೆ ಅದು ನೆರವು, ಕಣ್ಣು ಕತ್ತಲೆ ಕಟ್ಟುವವರಿಗೆ ಅದೇ ತೊಡಕು. ಸಿನ್ನರಿಜಿನ್ ಕೂಡ ಇದೇ ಕೆಲಸಕ್ಕೆ ಬಳಕೆಯಲ್ಲಿದೆ, ಅದೂ ತೂಕಡಿಕೆ ತರುತ್ತದೆ. ಯಾವುದೇ ಆದರೂ ವೈದ್ಯರನ್ನೋ ಔಷಧದಂಗಡಿಯ ಫಾರ್ಮಸಿಸ್ಟರನ್ನೋ ಕೇಳಿ, ಸವಾರಿಗೆ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊರಗೇ ಬರುತ್ತದೆ. ವಾಂತಿಗೆಂದು ಮನೆಯ ಡಬ್ಬಿಯಲ್ಲಿ ಇರುವ ಒಂಡಾನ್‌ಸೆಟ್ರಾನ್ ಜ್ವರ, ಹೊಟ್ಟೆ ಕೆಟ್ಟಾಗಿನ ವಾಂತಿಗೆ ಸರಿ, ಪ್ರಯಾಣದ ಮತ್ತು ಸವಾರಿಯ ವಾಕರಿಕೆಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಮಾತ್ರೆ ತೆಗೆದುಕೊಂಡವರು ಸಂಜೆ ಕಾರು, ಬೈಕು ಓಡಿಸಿಕೊಂಡು ಹೋಗಬಾರದು.

ಹೊಟ್ಟೆಗೆ ಏನು? ಖಾಲಿ ಹೊಟ್ಟೆಯೂ ಕೂಡದು, ತುಂಬಿದ ಹೊಟ್ಟೆಯೂ ಕೂಡದು. ಸವಾರಿಗೆ ಒಂದೂವರೆ, ಎರಡು ಗಂಟೆ ಮೊದಲು ಇಡ್ಲಿಯೋ ಉಪ್ಪಿಟ್ಟೋ ಮೊಸರನ್ನವೋ ಹಿತವಾಗಿ ತಿಂದರೆ ಸಾಕು. ಎಣ್ಣೆಯಲ್ಲಿ ಮುಳುಗಿದ ಪೂರಿ, ಗೋಬಿ ಮಂಚೂರಿಗಳನ್ನು ಸಂಜೆಗೆ ಇಟ್ಟುಕೊಳ್ಳಿ. ಏಕಾದಶಿಯೋ ಶನಿವಾರದ ಒಪ್ಪತ್ತೋ ಇದ್ದರೆ ಆ ದಿನ ನೀರಾಟ ಆಡಿ, ಕೋಸ್ಟರ್ ಬೇಡ. ವ್ರತ ಮುರಿಯಿರಿ ಎಂದು ಹೇಳುವವನು ನಾನಲ್ಲ, ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಬೇಡಿ ಎನ್ನುತ್ತೇನೆ.

ಸಾಲಿನಲ್ಲಿ

ರಜೆಯ ದಿನ ಒಂದು ಸವಾರಿಗೆ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಅಲುಗಾಡದೆ ನಿಂತಾಗ ಕಾಲಿನ ರಕ್ತನಾಳಗಳಲ್ಲಿ ರಕ್ತ ಶೇಖರಗೊಳ್ಳುತ್ತದೆ, ಬಿಸಿಲಿಗೆ ಚರ್ಮದ ನಾಳಗಳು ಹಿಗ್ಗುತ್ತವೆ, ಬೆವರಿನಲ್ಲಿ ನೀರು ಮತ್ತು ಉಪ್ಪು ಹೋಗುತ್ತದೆ. ಮೆರವಣಿಗೆಯ ಪಥಸಂಚಲನದಲ್ಲಿ ಸಾವಧಾನ ಭಂಗಿಯಲ್ಲಿ ನಿಂತ ಎನ್‌ಸಿಸಿ ಹುಡುಗರು ಕುಸಿಯುವುದೂ ಇದೇ ಕಾರಣಕ್ಕೆ. ಸಾಲಿನಲ್ಲಿ ನಿಂತಾಗ ಹಿಮ್ಮಡಿ ಎತ್ತಿ ಇಳಿಸುತ್ತಿರಿ, ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿ. ಮೀನಖಂಡ ಬಿಗಿದಾಗಲೆಲ್ಲ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ.

ಸರದಿ ಬರಲು ಕಾಲು ಗಂಟೆ ಇರುವಾಗ ಅರ್ಧ ಲೀಟರಿನಷ್ಟು ನೀರು ಕುಡಿಯಿರಿ. ನಿಂತಲ್ಲೇ ಒತ್ತಡ ಇಳಿಯುವ ಸ್ವಭಾವದವರಿಗೆ ಇದು ಸ್ವಲ್ಪ ಹೊತ್ತು ನಿಜಕ್ಕೂ ಆಸರೆಯಾಗುತ್ತದೆ. ತುಂಬ ಬೆವರುವವರು ಉಪ್ಪು ಹಾಕಿದ ಮಜ್ಜಿಗೆ ಅಥವಾ ನಿಂಬೆ ಶರಬತ್ತು ಕುಡಿಯಬಹುದು. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಉಪ್ಪಿನ ಸಲಹೆ ಅನ್ವಯಿಸದು. ಸಾಲಿನಲ್ಲೇ ಆಕಳಿಕೆ ಮೇಲಿಂದ ಮೇಲೆ ಬರುತ್ತಿದ್ದರೆ, ಅಂಗೈ ತಣ್ಣಗಾಗಿ ಬೆವರಿದರೆ, ಮುಂದಿನವರ ಅಂಗಿಯ ಬಣ್ಣ ಮಂಕಾಗಿ ಕಂಡರೆ, ದಯವಿಟ್ಟು ಹೊರಗೆ ಬನ್ನಿ. "ಇಷ್ಟು ಹೊತ್ತು ನಿಂತಿದ್ದೇವಲ್ಲ, ಇನ್ನೇನು ಬಂದೇ ಬಿಟ್ಟಿತು" ಎಂಬ ಲೆಕ್ಕಾಚಾರ ಜನರನ್ನು ಬೀಳಿಸಿದಷ್ಟು ಯಾವ ಸುರುಳಿಯೂ ಬೀಳಿಸಿಲ್ಲ.

ಆಸನದಲ್ಲಿ ಕುಳಿತ ಮೇಲೆ

ಯಾವ ಸಾಲಿನ ಆಸನ ಎಂಬುದೂ ಮುಖ್ಯ. ಹಳಿ ಕಣ್ಣಿಗೆ ಕಾಣುವ ಮುಂದಿನ ಆಸನ ವಾಕರಿಕೆಯವರಿಗೆ ಒಳ್ಳೆಯದು, ಏಕೆಂದರೆ ಮುಂದಿನ ತಿರುವನ್ನು ಕಣ್ಣು ಕಿವಿಗೆ ಮೊದಲೇ ತಿಳಿಸುತ್ತದೆ. ಹಿಂದಿನ ಡಬ್ಬಿಯಲ್ಲಿ ಎಳೆತ, ಕುಲುಕಾಟ ಹೆಚ್ಚು. ಇದಕ್ಕೆ ಒಂದು ತಮಾಷೆಯ ಸಾಕ್ಷಿಯಿದೆ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ವಾರ್ಟಿಂಗರ್ ಮೂತ್ರಪಿಂಡದ ಒಂದು ಮಾದರಿ ಮಾಡಿ, ಅದರಲ್ಲಿ ನಿಜವಾದ ಕಲ್ಲುಗಳನ್ನಿಟ್ಟು, ಫ್ಲಾರಿಡಾದ ಡಿಸ್ನಿ ಪಾರ್ಕಿನ ಬಿಗ್ ಥಂಡರ್ ಮೌಂಟನ್ ಕೋಸ್ಟರ್‌ನಲ್ಲಿ ಮತ್ತೆ ಮತ್ತೆ ಸವಾರಿ ಮಾಡಿಸಿದರು. ಹಿಂದಿನ ಆಸನದಲ್ಲಿ ಶೇ. 64ರಷ್ಟು ಸಲ ಕಲ್ಲು ಜಾರಿತು, ಮುಂದಿನ ಆಸನದಲ್ಲಿ ಶೇ. 17ರಷ್ಟು ಮಾತ್ರ. 2016ರಲ್ಲಿ ಪ್ರಕಟವಾದ ಈ ಕೆಲಸಕ್ಕೆ 2018ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ನೊಬೆಲ್ ಬಹುಮಾನ ಬಂತು. ಕಲ್ಲಿಗೆ ಒಳ್ಳೆಯದಾದ ಕುಲುಕಾಟ ಕತ್ತಿಗೆ ಒಳ್ಳೆಯದಲ್ಲ. ಮೊದಲ ಸಲ ಹತ್ತುವವರು ಹಿಂದಿನ ಸಾಲನ್ನು ಗೆಳೆಯರಿಗೆ ಬಿಟ್ಟುಕೊಡಿ.

ಕುಳಿತು ಬೆನ್ನು ಆನಿಸಿ, ತಲೆಯನ್ನು ಹಿಂದಿನ ಒರಗಿಗೆ ಒತ್ತಿ ಹಿಡಿಯಿರಿ. ಗಾಡಿ ಹೊರಟ ಮೇಲೆ ಪಕ್ಕದವರ ಮುಖ ನೋಡಲು ತಲೆ ತಿರುಗಿಸಬೇಡಿ, ಚಪ್ಪಲಿ ನೋಡಲು ಬಗ್ಗಬೇಡಿ. ಕಣ್ಣು ತೆರೆದಿರಲಿ, ನೋಟ ಮುಂದಿನ ಹಳಿಯ ಮೇಲಿರಲಿ. ಕಣ್ಣು ಮುಚ್ಚಿದರೆ ಹೆದರಿಕೆ ಕಡಿಮೆಯಾದೀತು, ಆದರೆ ಮುಂದಿನ ತಿರುವಿನ ಸುಳಿವು ಸಿಗುವುದಿಲ್ಲ.

ಇಳಿಜಾರಿನ ತಳ ಬರುವ ಮೊದಲು ತೊಡೆ, ಮೀನಖಂಡ, ಹೊಟ್ಟೆಯ ಸ್ನಾಯುಗಳನ್ನು ಗಟ್ಟಿಯಾಗಿ ಬಿಗಿಯಿರಿ. ಇದು ಯುದ್ಧವಿಮಾನದ ಪೈಲಟ್‌ಗಳ ಅಭ್ಯಾಸ. ಬೆಂಗಳೂರಿನಲ್ಲೇ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ. ಅಲ್ಲಿ ಮನುಷ್ಯರನ್ನು ಕೂರಿಸಿ ಗರಗರ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರವಿದೆ. ಹೆಚ್ಚಿನ ಜಿ ಬಲದಲ್ಲೂ ಎಚ್ಚರ ತಪ್ಪದಂತೆ ಕಾಲು, ಹೊಟ್ಟೆ ಬಿಗಿದು ಉಸಿರನ್ನು ಚುಟುಕಾಗಿ ಬಿಡುತ್ತಾ ಎಳೆಯುತ್ತಾ ಇರುವುದನ್ನು ಪೈಲಟ್‌ಗಳಿಗೆ ಅದರಲ್ಲಿ ಕಲಿಸುತ್ತಾರೆ. ನಮಗೆ ಅಷ್ಟೆಲ್ಲ ಬೇಡ. ಸ್ನಾಯು ಬಿಗಿಯಿರಿ, ಉಸಿರು ಮಾತ್ರ ಕಟ್ಟಬೇಡಿ. ಉಸಿರು ಕಟ್ಟಿ ಮುಕ್ಕಿದರೆ ಎದೆಗೆ ರಕ್ತ ಮರಳುವುದು ತಡೆದು ಒತ್ತಡ ಇನ್ನೂ ಕುಸಿಯುತ್ತದೆ. ಕಿರುಚಬೇಕೆನಿಸಿದರೆ ಕಿರುಚಿ, ಅದೂ ಉಸಿರು ಬಿಡುವುದೇ. ಆದರೆ ಭಯಕ್ಕೆ ಏದುಸಿರು ಹತ್ತಿ ಬೆರಳ ತುದಿ, ತುಟಿ ಜೋಮು ಹಿಡಿದರೆ ಅದು ಅತಿಯಾಗಿ ಉಸಿರಾಡಿದ್ದರ ಫಲ. ಆಗ ನಿಧಾನವಾಗಿ, ಉದ್ದವಾಗಿ ಉಸಿರು ಹೊರಬಿಟ್ಟರೆ ಕೆಲವೇ ನಿಮಿಷದಲ್ಲಿ ಸರಿಯಾಗುತ್ತದೆ.

ವೇಗಕ್ಕೆ ಹೆದರುವವರಿಗೆ ಒಂದು ಮಾತು. ಅಬುಧಾಬಿಯ ಫೆರಾರಿ ವರ್ಲ್ಡ್‌ನ ಫಾರ್ಮುಲಾ ರೋಸಾ ಗಂಟೆಗೆ 240 ಕಿಲೋಮೀಟರ್ ವೇಗಕ್ಕೆ ಐದು ಸೆಕೆಂಡಿನೊಳಗೆ ಮುಟ್ಟುತ್ತದೆ, ಕಣ್ಣಿಗೆ ಕನ್ನಡಕ ಕೊಟ್ಟೇ ಹತ್ತಿಸುತ್ತಾರೆ. ದುಬೈ, ಅಬುಧಾಬಿಯಲ್ಲಿರುವ ನಮ್ಮವರು ಊರಿಂದ ಬಂದ ಅಪ್ಪ ಅಮ್ಮನನ್ನು ಅಲ್ಲಿಗೆ ಕರೆದೊಯ್ಯುವುದುಂಟು. ಅಲ್ಲಿನ ಆರಂಭದ ತಳ್ಳುವಿಕೆ ಎದೆಯಿಂದ ಬೆನ್ನಿಗೆ, ತಲೆಯಿಂದ ಕಾಲಿಗಲ್ಲ. ರಕ್ತವನ್ನು ಕಾಲಿಗೆ ಇಳಿಸುವುದು ವೇಗವಲ್ಲ, ತಿರುವು. ಆದ್ದರಿಂದ ಪಾರ್ಕಿನ ಫಲಕದಲ್ಲಿ ವೇಗದ ಅಂಕಿ ನೋಡಿ ನಿರ್ಧರಿಸುವುದಕ್ಕಿಂತ ಎಷ್ಟು ಸುರುಳಿ, ಹಿಂದಕ್ಕೆ ಓಡುತ್ತದೆಯೇ, ಗರಗರ ಸುತ್ತುತ್ತದೆಯೇ ಎಂದು ಕೆಳಗೆ ನಿಂತು ಒಂದು ಸುತ್ತು ಪೂರ್ತಿ ನೋಡುವುದು ವಾಸಿ. ವಾಕರಿಕೆ ತರುವುದರಲ್ಲಿ ಚಹಾದ ಕಪ್-ಬಸಿ ಆಕಾರದ ಆಸನಗಳಲ್ಲಿ ಕೂರಿಸಿ ಸುತ್ತಿಸುವ ಮಕ್ಕಳ ಸವಾರಿಯೂ, ಕುರ್ಚಿ ಅಲುಗಾಡಿಸುವ ಸಿನಿಮಾ ಕೋಣೆಯೂ ದೊಡ್ಡ ಕೋಸ್ಟರ್‌ಗಿಂತ ಮುಂದಿರುತ್ತವೆ.

ಇಳಿಯುವ ಆ ಅರ್ಧ ನಿಮಿಷ

ಕುಸಿದು ಬೀಳುವವರು ಗಾಡಿಯಲ್ಲಿ ಬೀಳುವುದಕ್ಕಿಂತ ಇಳಿದ ಮೇಲೆ ಬೀಳುವುದೇ ಹೆಚ್ಚು. ಗಾಡಿ ನಿಲ್ಲುತ್ತದೆ, ಭುಜದ ಮೇಲಿನ ಕಬ್ಬಿಣದ ಹಿಡಿ ಟಕ್ ಎಂದು ಸಡಿಲಗೊಂಡು ಮೇಲೇಳುತ್ತದೆ, ಆ ಬದಿಯ ಗೇಟು ತೆರೆಯುತ್ತದೆ, ಹಿಂದೆ ಮುಂದಿನ ತಂಡ ಹತ್ತಲು ಕಾದಿದೆ. ಎಲ್ಲರೂ ಒಟ್ಟಿಗೆ ಎದ್ದು, ಚಪ್ಪಲಿ ಹುಡುಕಲು ಬಗ್ಗಿ, ಮತ್ತೆ ಎದ್ದು, ಜಾಲರಿಯ ಮೆಟ್ಟಿಲು ಇಳಿಯತೊಡಗುತ್ತಾರೆ. ಹಿಗ್ಗಿದ ನಾಳಗಳು, ಕಾಲಿಗಿಳಿದ ರಕ್ತ, ಹೆದರಿಕೆ ಕಳೆದ ಗಳಿಗೆಯಲ್ಲಿ ಒಮ್ಮೆಗೇ ನಿಧಾನವಾಗುವ ಹೃದಯ, ಇವೆಲ್ಲ ಮೂರನೆಯ ನಾಲ್ಕನೆಯ ಮೆಟ್ಟಿಲಿನಲ್ಲಿ ಕೂಡಿಕೊಳ್ಳುತ್ತವೆ.

ಹಿಡಿ ಏಳುವ ಮೊದಲೇ, ಗಾಡಿ ನಿಲ್ದಾಣಕ್ಕೆ ತೆವಳಿಕೊಂಡು ಬರುತ್ತಿರುವಾಗಲೇ, ಪಾದವನ್ನು ಮೇಲೆ ಕೆಳಗೆ ಆಡಿಸಿ, ತೊಡೆ ಬಿಗಿದು ಸಡಿಲಿಸಿ. ಮೊದಲು ಕಾಲು ನೆಲಕ್ಕೆ ಊರಿ, ಆಮೇಲೆ ಏಳಿ. ಮೆಟ್ಟಿಲಲ್ಲಿ ಕಂಬಿ ಹಿಡಿಯಿರಿ. ಚಪ್ಪಲಿ ಹಾಕಲು ಬಗ್ಗುವುದಾದರೆ ಕೂತೇ ಹಾಕಿಕೊಳ್ಳಿ. ಕೆಳಗಿಳಿದ ಕೂಡಲೇ ಫೋಟೊ ಕೌಂಟರಿನ ಪರದೆಯ ಮುಂದೆ ಗುಂಪಿನಲ್ಲಿ ನಿಲ್ಲಬೇಡಿ, ನಾಲ್ಕು ಹೆಜ್ಜೆ ನಡೆದು ನೆರಳಿನಲ್ಲಿ ಕೂರಿ. ಕತ್ತಲೆ ಕಟ್ಟುವ ಸೂಚನೆ ಬಂದರೆ ಮರ್ಯಾದೆ ನೋಡದೆ ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತುಬಿಡಿ. ಅದೂ ಸಾಧ್ಯವಾಗದಿದ್ದರೆ ಒಂದು ಕಾಲಿನ ಮೇಲೆ ಇನ್ನೊಂದನ್ನು ಕತ್ತರಿಯಾಗಿಸಿ ಹಿಂಡಿ, ಎರಡೂ ಕೈಗಳ ಬೆರಳು ಕೊಂಡಿ ಹಾಕಿ ಎದುರುಬದುರು ಎಳೆಯಿರಿ. ಈ ಬಿಗಿತ ರಕ್ತದೊತ್ತಡವನ್ನು ಕೂತುಕೊಳ್ಳುವಷ್ಟು ಹೊತ್ತು ಎತ್ತಿ ಹಿಡಿಯುತ್ತದೆ.

ಬಿದ್ದವರಿಗೆ ಏನು ಮಾಡಬೇಕು

ಒಂದು ಪಾರ್ಕಿನಲ್ಲಿ ಹುಡುಗರಿಬ್ಬರು ಕುಸಿದ ಗೆಳೆಯನ ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸುತ್ತಿದ್ದುದನ್ನು ನೋಡಿದ್ದೇನೆ. ಎತ್ತಿದಾಗಲೆಲ್ಲ ಅವನ ಕಣ್ಣು ಮೇಲಕ್ಕೆ ತೇಲುತ್ತಿತ್ತು, ಕಾಲು ಮಡಚಿಕೊಳ್ಳುತ್ತಿತ್ತು, ಅವರು ಇನ್ನಷ್ಟು ಗಾಬರಿಯಿಂದ ಇನ್ನಷ್ಟು ನೆಟ್ಟಗೆ ಎತ್ತುತ್ತಿದ್ದರು. ಕಸ ಗುಡಿಸುತ್ತಿದ್ದ ಹಿರಿಯ ಹೆಂಗಸೊಬ್ಬರು ಪೊರಕೆ ಬದಿಗಿಟ್ಟು ಬಂದು, "ಎತ್ತಬೇಡಿರಪ್ಪಾ, ಮಲಗಿಸಿ, ಮಲಗಿಸಿ" ಎಂದು ಅವರ ಕೈ ಬಿಡಿಸಿದರು. ಅವನನ್ನು ಸಿಮೆಂಟಿನ ನೆಲದ ಮೇಲೆ ಚಾಚಿ, ಅವರದೇ ಬ್ಯಾಗನ್ನು ಹಿಮ್ಮಡಿಯ ಕೆಳಗೆ ಇಟ್ಟರು. ತುಟಿಗೆ ಬಣ್ಣ ಮರಳಿತು, "ನನ್ನ ಮೊಬೈಲ್ ಎಲ್ಲಿ?" ಎಂದು ಕೇಳುತ್ತಾ ಕಣ್ಣು ಬಿಟ್ಟ. ಆ ಹೊತ್ತಿಗೆ ಅಲ್ಲಿ ಸೇರಿದ್ದವರಲ್ಲಿ ಆ ಅಮ್ಮನಷ್ಟು ಸರಿಯಾಗಿ ಯೋಚಿಸಿದವರು ಯಾರೂ ಇರಲಿಲ್ಲ.

ಕ್ರಮ ಇದು. ನೆಲದ ಮೇಲೆ ಅಂಗಾತ ಮಲಗಿಸಿ, ಕಾಲನ್ನು ಒಂದಡಿಯಷ್ಟು ಎತ್ತರಿಸಿ. ಕುರ್ಚಿ ಬೇಡ, ಏಕೆಂದರೆ ಕುರ್ಚಿಯಲ್ಲಿ ತಲೆ ಮೇಲೇ ಇರುತ್ತದೆ, ರಕ್ತ ಹತ್ತಬೇಕಾದ ಎತ್ತರ ಹಾಗೇ ಉಳಿಯುತ್ತದೆ. ಕಾಲರ್, ದುಪಟ್ಟಾ, ಬೆಲ್ಟು ಸಡಿಲಿಸಿ. ಸುತ್ತುವರಿದವರನ್ನು ಸರಿಸಿ, ಗಾಳಿಗಿಂತ ಮುಖ್ಯವಾಗಿ ನೆರಳು ಬೇಕು. ವಾಂತಿ ಬಂದರೆ ಪಕ್ಕಕ್ಕೆ ಹೊರಳಿಸಿ. ಗರ್ಭಿಣಿಯಾದರೆ ಎಡ ಮಗ್ಗುಲಿಗೆ ಮಲಗಿಸಿ. ಪೂರ್ತಿ ಎಚ್ಚರವಾಗುವ ತನಕ ಬಾಯಿಗೆ ನೀರು, ಸೋಡಾ, ಯಾವುದನ್ನೂ ಸುರಿಯಬೇಡಿ. ಕೈಗೆ ಬೀಗದ ಕೀಲಿ ಕೊಡುವುದು, ಈರುಳ್ಳಿ ಮೂಸಿಸುವುದು, ಕೆನ್ನೆಗೆ ಬಡಿಯುವುದು ಯಾವುದೂ ಬೇಕಿಲ್ಲ. ಎಚ್ಚರ ತಪ್ಪಿದಾಗ ಕೈಕಾಲು ಒಂದೆರಡು ಸಲ ಸೆಟೆದು ಎಗರುವುದು ಸಾಮಾನ್ಯ, ಕೆಲವು ಸೆಕೆಂಡಿನಲ್ಲಿ ನಿಂತರೆ ಅದನ್ನು ಅಪಸ್ಮಾರ ಎಂದುಕೊಳ್ಳಬೇಕಿಲ್ಲ.

ಗಡಿಯಾರ ನೋಡಿಕೊಳ್ಳಿ. ಸಾಮಾನ್ಯ ಮೂರ್ಛೆಯಲ್ಲಿ ಮಲಗಿಸಿದ ಒಂದು ನಿಮಿಷದೊಳಗೆ ಎಚ್ಚರ ಬರುತ್ತದೆ, ಹೆಸರು, ಜಾಗ ಸರಿಯಾಗಿ ಹೇಳುತ್ತಾರೆ. ಹಾಗಾಗದಿದ್ದರೆ 108ಕ್ಕೆ ಕರೆ ಮಾಡಿ, ಪಾರ್ಕಿನ ಪ್ರಥಮ ಚಿಕಿತ್ಸೆಯವರನ್ನು ಕೂಗಿ. ಉಸಿರಾಟ ನಿಂತಿದ್ದರೆ, ಅಥವಾ ಆಗೊಮ್ಮೆ ಈಗೊಮ್ಮೆ ಬಿಕ್ಕಳಿಸುವಂತೆ ಮಾತ್ರ ಇದ್ದರೆ, ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120ರಂತೆ ಬಲವಾಗಿ ಒತ್ತಲು ಶುರುಮಾಡಿ, ಎಇಡಿ (ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟು ಬಡಿತ ಸರಿಪಡಿಸುವ) ಯಂತ್ರ ಇದೆಯೇ ಎಂದು ಕೇಳಿ.

ಎಚ್ಚರವಾದವರನ್ನು ಬೇಗ ಎಬ್ಬಿಸುವುದು ಎರಡನೆಯ ತಪ್ಪು. ಹತ್ತು ನಿಮಿಷ ಮಲಗಿಯೇ ಇರಲಿ, ಐದು ನಿಮಿಷ ಕೂರಲಿ, ಆಮೇಲೆ ಯಾರಾದರೂ ಪಕ್ಕದಲ್ಲಿದ್ದು ನಿಲ್ಲಲಿ. ನಿಂತಾಗ ಮತ್ತೆ ಕತ್ತಲೆ ಕಟ್ಟಿದರೆ ಮತ್ತೆ ಮಲಗುವುದೇ. ನಂತರ ಎಳನೀರು, ಮಜ್ಜಿಗೆ ಅಥವಾ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಯಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಾದರೆ ರಕ್ತದ ಸಕ್ಕರೆ ಇಳಿದಿರಬಹುದು. ಎಚ್ಚರವಿದ್ದರೆ ತಕ್ಷಣ ಸಿಹಿ ಕೊಡಿ. ಆ ದಿನಕ್ಕೆ ಸವಾರಿ ಮುಗಿಯಿತು, ನೀರಿನ ಕೊಳವೂ ಬೇಡ. ಮೊಣಕಾಲುದ್ದದ ನೀರಿನಲ್ಲೂ ಮೂರ್ಛೆ ಅಪಾಯವೇ.

ವಾಕರಿಕೆ ಬಂದವರಿಗೆ, ನೆಲ ತಿರುಗುವವರಿಗೆ

ಹೊಟ್ಟೆ ತೊಳಸುವವರನ್ನು ಮಲಗಿಸಲೇಬೇಕಿಲ್ಲ. ನೆರಳಿನಲ್ಲಿ ಬೆನ್ನಿಗೆ ಗೋಡೆ ಸಿಗುವಂತೆ ಕೂರಿಸಿ, ದೂರದ ಅಲುಗದ ಒಂದು ಮರವನ್ನೋ ಕಟ್ಟಡವನ್ನೋ ನೋಡಲು ಹೇಳಿ. ಮೊಬೈಲ್ ಪರದೆ ಬೇಡ, ಸುತ್ತುವ ಇತರ ಸವಾರಿಗಳ ಕಡೆ ನೋಟವೂ ಬೇಡ. ಶುಂಠಿ ಚೂರನ್ನು ಚಪ್ಪರಿಸುವುದರಿಂದ ಕೆಲವರಿಗೆ ಹಿತವಾಗುತ್ತದೆ. ವಾಂತಿ ಬಂದರೆ ತಡೆಹಿಡಿಯುವುದು ಬೇಡ, ಬಂದ ಮೇಲೆ ಹಗುರಾಗುತ್ತದೆ. ಆ ರಾತ್ರಿ ಹಾಸಿಗೆಯಲ್ಲಿ ಕಣ್ಣು ಮುಚ್ಚಿದಾಗ ಮಂಚ ತೂಗಿದಂತೆ ಅನಿಸಿದರೆ ಹೆದರಬೇಡಿ, ಬೆಳಗಾಗುವಷ್ಟರಲ್ಲಿ ಹೋಗಿರುತ್ತದೆ.

ಹೋಗದೆ, ಮಗ್ಗುಲು ಬದಲಿಸಿದಾಗ, ಅಟ್ಟದ ಮೇಲಿನ ಡಬ್ಬಿ ತೆಗೆಯಲು ತಲೆ ಎತ್ತಿದಾಗ ಇಡೀ ಕೋಣೆ ಒಂದು ನಿಮಿಷದೊಳಗಿನ ಹೊತ್ತು ಗಿರ್ರನೆ ತಿರುಗಿ ನಿಲ್ಲುತ್ತಿದ್ದರೆ ಅದು ಬೇರೆ. ಒಳಗಿವಿಯಲ್ಲಿ ಸುಣ್ಣದ ಸೂಕ್ಷ್ಮ ಹರಳುಗಳಿವೆ. ತಲೆ ಕುಲುಕಿದಾಗ ಅವು ತಮ್ಮ ಜಾಗದಿಂದ ಜಾರಿ ಅರೆವೃತ್ತದ ನಾಳಕ್ಕೆ ಸೇರಿಕೊಳ್ಳುವುದುಂಟು. ಇದಕ್ಕೆ ವಾರಗಟ್ಟಲೆ ಮಾತ್ರೆ ನುಂಗುವ ಅಗತ್ಯವಿಲ್ಲ. ಕಿವಿ ಮೂಗು ಗಂಟಲಿನ ವೈದ್ಯರು ಮಂಚದ ಮೇಲೆ ಮಲಗಿಸಿ ತಲೆಯನ್ನು ಒಂದು ಕ್ರಮದಲ್ಲಿ ಹೊರಳಿಸುತ್ತಾರೆ. ಎಪ್ಲಿ ವಿಧಾನ ಎಂದು ಹೆಸರು. ಹರಳು ಮರಳಿ ಜಾಗಕ್ಕೆ ಜಾರುತ್ತದೆ, ಹಲವರಿಗೆ ಒಂದೆರಡು ಭೇಟಿಯಲ್ಲೇ ಗುಣ ಕಾಣುತ್ತದೆ.

ಕಾಯಬಾರದ ಲಕ್ಷಣಗಳು

ಇವು ಅಪರೂಪ, ಆದರೆ ಇವಕ್ಕೆ ಎಳನೀರು ಕೊಟ್ಟು ಕೂರಬಾರದು:

- ಎದೆನೋವು, ಎದೆ ಬಿಗಿತ, ಉಸಿರಾಟದ ಕಷ್ಟ, ನಾಡಿ ಎರ್ರಾಬಿರ್ರಿ ಹೊಡೆಯುವುದು.
- ಮುಖ ಒಂದು ಕಡೆ ಜೋಲುವುದು, ಒಂದು ಕೈ ಅಥವಾ ಕಾಲು ಬಲಹೀನವಾಗುವುದು, ಮಾತು ತೊದಲುವುದು, ನೋಟ ಇಬ್ಬಗೆಯಾಗುವುದು.
- ಕತ್ತಿನ ಒಂದು ಬದಿ ಹಿಂದೆಂದೂ ಕಾಣದ ನೋವು, ಜೊತೆಗೆ ಅದೇ ಬದಿಯ ತಲೆನೋವು.
- ಬಿದ್ದಾಗ ತಲೆಗೆ ಪೆಟ್ಟು ಬಿದ್ದು, ಆಮೇಲೆ ವಾಂತಿ ಅಥವಾ ತೂಕಡಿಕೆ.
- ಕಣ್ಣಲ್ಲಿ ಮಿಂಚು ಹೊಡೆದಂತೆ, ಪರದೆ ಇಳಿದಂತೆ ಕಾಣುವುದು.

ಕತ್ತಿನ ನೋವನ್ನು ನಾವು ಎಣ್ಣೆ ಹಚ್ಚಿ ತಿಕ್ಕಿಸಿಕೊಂಡು ಸುಮ್ಮನಾಗುತ್ತೇವೆ. ಕತ್ತು ಜೋರಾಗಿ ಝಾಡಿಸಿದಾಗ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿಯುವ ಸಂದರ್ಭಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಅದರಿಂದ ಪಾರ್ಶ್ವವಾಯು ಗಂಟೆಗಳ ನಂತರ, ಕೆಲವು ದಿನಗಳ ನಂತರವೂ ಬರಬಹುದು. ಕತ್ತು ನೋವಿರುವಾಗ ಕ್ಷೌರದಂಗಡಿಯಲ್ಲಿ ಕತ್ತನ್ನು ಲಟಕ್ಕನೆ ತಿರುಗಿಸಿಕೊಳ್ಳುವುದಂತೂ ಖಂಡಿತ ಬೇಡ. ಇನ್ನೊಂದು, ಸವಾರಿಯ ನಂತರ ಶುರುವಾದ ತಲೆನೋವು ದಿನದಿಂದ ದಿನಕ್ಕೆ ಹೆಚ್ಚುತ್ತಾ ಹೋದರೆ ಮಿದುಳಿನ ಹೊದಿಕೆಯ ಕೆಳಗೆ ನಿಧಾನವಾಗಿ ರಕ್ತ ಜಿನುಗುತ್ತಿರಬಹುದು. ಇದು ಎರಡು ಮೂರು ವಾರ ತಡವಾಗಿಯೂ ತೋರಬಲ್ಲದು. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು, ವಯಸ್ಸಾದವರು ವಿಶೇಷವಾಗಿ ಎಚ್ಚರವಹಿಸಬೇಕು. ಆಸ್ಪತ್ರೆಗೆ ಹೋದಾಗ "ತಲೆನೋವು" ಎಂದಷ್ಟೇ ಹೇಳಬೇಡಿ, ಇಂಥ ದಿನ ರೋಲರ್ ಕೋಸ್ಟರ್ ಹತ್ತಿದ್ದೆ ಎಂದೂ ಹೇಳಿ. ವೈದ್ಯರು ತಾವಾಗಿ ಆ ಪ್ರಶ್ನೆ ಕೇಳುವ ಸಂಭವ ಕಡಿಮೆ.

ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ಹತೋಟಿಗೆ ಬಾರದ ರಕ್ತದೊತ್ತಡದವರು, ಕತ್ತು, ಬೆನ್ನು ಅಥವಾ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಹೆಚ್ಚು ದಿನ ಆಗದವರು ಹತ್ತಲೇಬಾರದು. ಪ್ರವೇಶದ ಬಳಿಯ ಫಲಕದಲ್ಲಿ ಇದೆಲ್ಲ ಬರೆದಿರುತ್ತದೆ, ನಾವು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತೇವೆ.

ಮತ್ತೆ ಹತ್ತಬಹುದೇ?

ವಾಕರಿಕೆ ಮಾತ್ರ ಆಗಿದ್ದವರು ಮುಂದಿನ ಸಲ ಸುತ್ತುವ ಸವಾರಿಗಳನ್ನು ಬಿಟ್ಟು, ಸವಾರಿಯಿಂದ ಸವಾರಿಗೆ ಅರ್ಧ ಗಂಟೆ ಬಿಡುವು ಕೊಟ್ಟರೆ ಸಾಕು. ಹಸಿವು, ಬಿಸಿಲಿನಿಂದ ಒಮ್ಮೆ ಕಣ್ಣು ಕತ್ತಲೆ ಕಟ್ಟಿದವರೂ ಹೊಟ್ಟೆ, ನಿದ್ದೆ, ನೀರು ಸರಿಮಾಡಿಕೊಂಡು ಹತ್ತಬಹುದು. ಆದರೆ ಪೂರ್ತಿ ಎಚ್ಚರ ತಪ್ಪಿದವರು, ಅದರಲ್ಲೂ ಗಾಡಿ ಓಡುತ್ತಿರುವಾಗಲೇ, ಹೆದರಿದ ಗಳಿಗೆಯಲ್ಲೇ ಎಚ್ಚರ ತಪ್ಪಿದವರು ಒಂದು ಇಸಿಜಿ ಮಾಡಿಸಿಕೊಳ್ಳಬೇಕು, ಮಲಗಿದಾಗ ಮತ್ತು ನಿಂತಾಗಿನ ರಕ್ತದೊತ್ತಡ ನೋಡಿಸಿಕೊಳ್ಳಬೇಕು. ಮನೆತನದಲ್ಲಿ ಯಾರಾದರೂ ನಲವತ್ತರೊಳಗೆ ಹಠಾತ್ತಾಗಿ ತೀರಿಕೊಂಡಿದ್ದರೆ, ಈಜುವಾಗಲೋ ಓಡುವಾಗಲೋ ಕುಸಿದಿದ್ದರೆ, ಅದನ್ನು ವೈದ್ಯರಿಗೆ ಮೊದಲ ಮಾತಾಗಿ ಹೇಳಿ. ಹೃದಯದ ವಿದ್ಯುತ್ತಿನ ಕೆಲವು ಹುಟ್ಟು ದೋಷಗಳು ಹೆದರಿಕೆಯ ಹೊತ್ತಿನಲ್ಲೇ ಮೊದಲು ಹೊರಬೀಳುತ್ತವೆ. ಇಸಿಜಿ ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತದೆ, ಹತ್ತು ನಿಮಿಷದ ಕೆಲಸ. ಅದರ ಫಲಿತಾಂಶ ಕೈಗೆ ಬರುವ ತನಕ ಜಾತ್ರೆಯ ಕೊಲಂಬಸ್ ತೊಟ್ಟಿಲನ್ನೂ ಹತ್ತಬೇಡಿ.